ಕಟಾಂಜನದ ಹಿಂದಿನ ಕಲ್ಯಾಣಿ

ನಮ್ಮ ಬಾಲ್ಕನಿಯ ಬಾಗಿಲಿಗೆ ಅಡ್ಡ ಇಟ್ಟಿರುವುದು ಒಂದು ಮಗುವಿನ ತಲೆ. ಗಾಬರಿಯಾಗಬೇಡಿ, ಜಿಪ್ಸಮ್ಮಿನದ್ದು. ಉಬ್ಬಿದ ಕೆನ್ನೆ, ಗುಂಗುರು ಕೂದಲು, ಕಿವಿಯ ಕೆಳಗಿನಿಂದ ಹೊರಟ ಎರಡು ಪುಟ್ಟ ರೆಕ್ಕೆ. ಮೂಗು ಮಾತ್ರ ಇಲ್ಲ. ಅಚ್ಚಿನಿಂದ ಬಿಡಿಸುವಾಗ ಮೂಗು ಅಚ್ಚಿನೊಳಗೇ ಉಳಿದುಬಿಟ್ಟಿತಂತೆ. ಮೂಗಿಲ್ಲದ ದೇವದೂತನನ್ನು ಯಾರ ಹಾಲ್‌ಗೂ ಅಂಟಿಸುವಂತಿಲ್ಲ, ಬಿಸಾಡಲು ಇವರಿಗೆ ಮನಸ್ಸು ಬರಲಿಲ್ಲ. ಹಾಗಾಗಿ ಅದು ದುಬೈಯ ಅಲ್ ಬರ್ಷಾದ ನಮ್ಮ ಏಳನೆಯ ಮಹಡಿಗೆ ಬಂತು. ಇಲ್ಲಿ ಗಾಳಿ ಎದ್ದರೆ ಬಾಗಿಲು ಬಡಿದು ಗೋಡೆಯ ಬಣ್ಣ ಉದುರುತ್ತಿತ್ತು. ಈಗ ದೇವದೂತ ಅಡ್ಡ ಬಿದ್ದಿರುವುದರಿಂದ ಆ ತೊಂದರೆ ಇಲ್ಲ. ಊರಿನಿಂದ ಮಾವಿನ ಮಿಡಿ ಬಂದ ಕಾಲಕ್ಕೆ ಅವನಿಗೆ ಪ್ಲಾಸ್ಟಿಕ್ ಸುತ್ತಿ ಭರಣಿಯ ಮೇಲೆ ಭಾರಕ್ಕೆ ಇಡುತ್ತೇನೆ. ಅವನ ಹುಟ್ಟು ಅಷ್ಟರಮಟ್ಟಿಗಾದರೂ ಸಾರ್ಥಕವಾಯಿತು.

ಇವರು ಎಂದರೆ ನನ್ನ ಗಂಡ ವಾಸುದೇವ. ರಾಸ್ ಅಲ್ ಖೋರ್‌ನ ಒಂದು ಜಿಪ್ಸಮ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಒಂದು ಪಕ್ಕದಲ್ಲಿ ಕಾರು ರಿಪೇರಿ, ಇನ್ನೊಂದು ಪಕ್ಕದಲ್ಲಿ ಹಳೆಯ ಟಯರಿನ ರಾಶಿ, ನಡುವೆ ಇವರ ಶೆಡ್ಡಿನಲ್ಲಿ ಯುರೋಪಿನ ಅರಮನೆಗಳು ತಯಾರಾಗುತ್ತವೆ. ಈ ಊರಿನಲ್ಲಿ ಕೈಗೆ ನಾಲ್ಕು ಕಾಸು ಹತ್ತಿದವನಿಗೆಲ್ಲ ಮನೆಯೊಳಗೆ ರಾಜನ ಹಾಲ್ ಬೇಕು. ಕಂಬ ಬೇಕು, ಕಂಬದ ತಲೆಯ ಮೇಲೆ ಸುರುಳಿ ಎಲೆ ಬೇಕು. ಅದು ಯಾವ ಜಾತಿಯ ಎಲೆಯೋ, ಪತ್ರೊಡೆಗೂ ಆಗುವುದಿಲ್ಲ, ಪಲ್ಯಕ್ಕೂ ಆಗುವುದಿಲ್ಲ. ಎಲೆ ಸಾಲದೆ ಚಿಪ್ಪು, ಚಿಪ್ಪು ಸಾಲದೆ ದ್ರಾಕ್ಷಿಗೊಂಚಲು, ಅದೂ ಸಾಲದೆ ಬಟ್ಟೆಯಿಲ್ಲದ ಈ ಮಕ್ಕಳು. ಸಂಜೆ ಇವರು ಮನೆಗೆ ಬರುವಾಗ ಹುಬ್ಬಿನವರೆಗೂ ಬಿಳಿ. "ಇಡ್ಲಿ ಹಿಟ್ಟಿನ ರಾಜ್ಯಭಾರ ಮುಗೀತಾ?" ಎಂದು ಕೇಳುತ್ತೇನೆ. ಇವರು ನಗುತ್ತಾರೆ. ನಗುವುದು ಇವರ ಸ್ವಭಾವ, ಕುಟುಕುವುದು ನನ್ನದು. ಸಂಸಾರ ಹೀಗೆಯೇ ನಡೆದುಕೊಂಡು ಬಂದಿದೆ.

ಇಂಥ ಇವರಿಗೆ ಎರಡು ವರ್ಷದ ಹಿಂದೆ ಒಂದು ದೊಡ್ಡ ಹೋಟೆಲಿನ ಕೆಲಸ ಬಂತು. ಔತಣದ ಹಾಲ್ ಒಂದನ್ನು ಜರ್ಮನಿಯ ಯಾವುದೋ ಅರಮನೆಯ ಸಂಗೀತಶಾಲೆಯ ಹಾಗೆಯೇ ಮಾಡಿಕೊಡಬೇಕಂತೆ. ಫೋಟೋ ನೋಡಿ ಮಾಡುವುದು ಬೇಡ, ಹೋಗಿ ಕಣ್ಣಾರೆ ನೋಡಿ ಬನ್ನಿ ಎಂದು ಕಂಪೆನಿ ಇವರನ್ನು ಕಳಿಸಿತು. "ನೀನೂ ಬಾ ಮಾರಾಯ್ತಿ. ಸಂಗೀತದ ವಿಷಯ ನಂಗೆಂತ ಗೊತ್ತುಂಟು?" ಎಂದರು ಇವರು. ಸಂಗೀತದ ವಿಷಯದಲ್ಲಿ ನನ್ನನ್ನು ಯಾರಾದರೂ ಒಂದು ಮಾತು ಕೇಳಿ ಎಷ್ಟೋ ಕಾಲವಾಗಿತ್ತು. ಚಳಿಗೆ ಎರಡು ಸ್ವೆಟರು, ಹಸಿವಿಗೆ ಒಂದು ಡಬ್ಬಿ ಚಕ್ಕುಲಿ ಕಟ್ಟಿಕೊಂಡು ಹೊರಟೆ.

ಆ ಊರಿನ ಹೆಸರಿಗೆ ನನ್ನ ನಾಲಿಗೆ ಇನ್ನೂ ತಿರುಗುವುದಿಲ್ಲ, ಬಿಡಿ. ಅರಮನೆ ಹಳದಿ. ಕಿಟಕಿಗಳ ಸಾಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಕತ್ತು ತಿರುಗಿಸಿಯೇ ನೋಡಬೇಕು. ಬರೋಕ್ ಶೈಲಿ ಎಂದಳು ಗೈಡ್ ಹುಡುಗಿ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು: ಬರೋಕ್ ಎಂದರೆ ಖಾಲಿ ಗೋಡೆ ಕಂಡರೆ ಹೆದರುವವರ ಶೈಲಿ. ನಮ್ಮ ಕಡೆ ಹೊಸ ಶೋಕೇಸು ಮಾಡಿಸಿದವರು ಅದರೊಳಗೆ ಬೊಂಬೆ, ಕಪ್ಪು, ಪ್ಲಾಸ್ಟಿಕ್ ಹೂವು, ಅಳಿಯ ತಂದ ಸೆಂಟಿನ ಖಾಲಿ ಬಾಟಲಿ ಎಲ್ಲ ತುಂಬಿಸಿ, ಇನ್ನೂ ಒಂದು ಮೂಲೆ ಉಳಿಯಿತಲ್ಲ ಎಂದು ಕೊರಗುತ್ತಾರೆ ನೋಡಿ. ಆ ಜನಕ್ಕೆ ರಾಜ್ಯ ಕೊಟ್ಟರೆ ಕಟ್ಟುವುದು ಇಂಥದ್ದನ್ನೇ. ಇವರು ಮಾತ್ರ ಬಾಯಿ ತೆರೆದವರು ಮುಚ್ಚಲಿಲ್ಲ.

ಬಾಗಿಲಲ್ಲೇ ನಮ್ಮ ಮರ್ಯಾದೆ ಹೋಯಿತು. ಅಲ್ಲಿ ಒಂದು ದೊಡ್ಡ ಪೆಟ್ಟಿಗೆ, ಅದರ ತುಂಬ ದಪ್ಪ ಉಣ್ಣೆ ಬಟ್ಟೆಯ ಚಪ್ಪಲಿಗಳು. ಮರದ ನೆಲಕ್ಕೆ ಗೀರು ಬೀಳಬಾರದೆಂದು ನಮ್ಮ ಶೂ ಮೇಲೆಯೇ ಅದನ್ನು ಹಾಕಿಕೊಳ್ಳಬೇಕು. ನಮಗೆ ಇದನ್ನು ಯಾರು ಹೇಳಬೇಕು? ಕಂಬ ಕಂಡಿತು, ಬಾಗಿಲು ಕಂಡಿತು, ಬಾಗಿಲ ಬಳಿ ಚಪ್ಪಲಿ ಕಂಡಿತು. ನಾನೂ ಇವರೂ ಶೂ ಕಳಚಿ, ಗೋಡೆಯ ಬದಿಗೆ ಜೋಡಿಸಿಟ್ಟು, ಆ ಬಟ್ಟೆ ಚಪ್ಪಲಿಯಲ್ಲಿ ಒಳಗೆ ಹೋದೆವು. ನಮ್ಮ ದೇವಸ್ಥಾನದಲ್ಲಿ ಹೋದ ಬಾಗಿಲಲ್ಲೇ ಬರುತ್ತೇವೆ. ಅರಮನೆ ಹಾಗಲ್ಲ. ಒಂದು ಕೋಣೆಯಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ದಾಟಿಸುತ್ತ ಹೋಗಿ ಕಡೆಗೆ ಹಿಂದಿನ ತೋಟಕ್ಕೆ ಹೊರಗೆ ಬಿಡುತ್ತಾರೆ, ಬಟ್ಟೆ ಚಪ್ಪಲಿಯನ್ನೂ ಅಲ್ಲೇ ಕಸಿದುಕೊಳ್ಳುತ್ತಾರೆ. ಆ ದಿನ ನಾವು ಶೂ ಇಟ್ಟ ಬಾಗಿಲು ಹುಡುಕಿಕೊಂಡು, ಬರೀ ಕಾಲುಚೀಲದಲ್ಲಿ ಹೊರಗಿನಿಂದ ಅರ್ಧ ಅರಮನೆ ಸುತ್ತಿದ್ದನ್ನು ಒಂದು ಜಪಾನೀ ಕುಟುಂಬ ವಿಡಿಯೋ ಮಾಡಿಕೊಂಡಿತು. ಪ್ರದಕ್ಷಿಣೆ ಎಂದುಕೊಂಡರಾಯಿತು ಎಂದರು ಇವರು.

ಇರಲಿ, ಒಳಗಿನ ಕಥೆ ಹೇಳುತ್ತಿದ್ದೆ. ಮೆಟ್ಟಿಲ ಮೇಲೆ ತಲೆಯೆತ್ತಿ ನೋಡಿದರೆ ಗುಮ್ಮಟ, ಅದರಾಚೆ ಮೋಡ, ಮೋಡದೊಳಗೆ ದೇವತೆಗಳು. ಗೈಡ್ ನಮ್ಮನ್ನು ನೆಲದ ಮೇಲಿದ್ದ ಒಂದು ಗುರುತಿನಲ್ಲಿ ನಿಲ್ಲಿಸಿ ನೋಡಿಸಿದಳು. ಆಮೇಲೆ ನಾಲ್ಕು ಹೆಜ್ಜೆ ಈಚೆಗೆ ಕರೆದಳು. ಗುಮ್ಮಟ ಓಲಿತು, ದೇವತೆಗಳು ಮಗ್ಗುಲಾಗಿ ಬಿದ್ದರು. ಗುಮ್ಮಟವೇ ಇಲ್ಲ, ಚಪ್ಪಟೆ ಛಾವಣಿಗೆ ಬಳಿದ ಬಣ್ಣವಂತೆ! ಮುಂದಿನ ಕೋಣೆಯಲ್ಲಿ ಗುಲಾಬಿ ಬಣ್ಣದ ಅಮೃತಶಿಲೆಯ ಕಂಬಗಳು. ಮುಟ್ಟಿ ನೋಡಿ, ಶಿಲೆಯಾದರೆ ತಣ್ಣಗಿರಬೇಕಿತ್ತು ಎಂದಳು. ಮುಟ್ಟಿದರೆ ತಣ್ಣಗಿಲ್ಲ. ಅದೂ ಗಾರೆಯಂತೆ, ಬಣ್ಣ ಕಲಸಿ, ತಿಕ್ಕಿ ತಿಕ್ಕಿ ಹೊಳಪು ಕೊಟ್ಟದ್ದಂತೆ. ಯುದ್ಧದಲ್ಲಿ ಬಾಂಬು ಬಿದ್ದು ಅರ್ಧ ಅರಮನೆ ಸುಟ್ಟುಹೋಗಿ, ಆಮೇಲೆ ಹೊಸದಾಗಿ ಕಟ್ಟಿದ್ದೂ ಉಂಟಂತೆ. ಐತಿಹಾಸಿಕ ಎಂದು ನಾವು ಕೈಮುಗಿಯಲು ಹೊರಟ ಒಂದು ಗೋಡೆ ಪ್ರಾಯದಲ್ಲಿ ನನ್ನ ಅಪ್ಪನಿಗಿಂತ ಚಿಕ್ಕದು. "ಹಾಗಾದ್ರೆ ನಾವು ಮಾಡುದಕ್ಕೂ ಇದಕ್ಕೂ ಎಂತ ವ್ಯತ್ಯಾಸ?" ಎಂದು ಇವರು ನನ್ನ ಕಿವಿಯಲ್ಲಿ ಕೇಳಿದರು. ಮುಖ ಅರಳಿ ಹೋಗಿತ್ತು. ಇಷ್ಟು ಖರ್ಚು ಮಾಡಿ ಬಂದು ನೋಡಿದ್ದು ರಾಸ್ ಅಲ್ ಖೋರ್‌ನ ಅಜ್ಜನ ಮನೆಯನ್ನು ಎಂದೆ ನಾನು.

ಅರಮನೆಯ ಚರ್ಚಿನಲ್ಲಿ ಗೋಡೆಯೆತ್ತರದ ಆರ್ಗನ್ ವಾದ್ಯ. ಬೆಳ್ಳಿಯ ಹಾಗೆ ಹೊಳೆಯುವ ಕೊಳವೆಗಳು ಮುಂದೆ ಶಿಸ್ತಾಗಿ ನಿಂತಿದ್ದವು. ನಾನು ಕೈಮುಗಿದೆ, ವಾದ್ಯ ಕಂಡರೆ ಮುಗಿಯುವುದು ಅಭ್ಯಾಸ. ಆಗ ಗೊತ್ತಾಯಿತು, ಮುಂದೆ ಹೊಳೆಯುವ ಕೊಳವೆಗಳಲ್ಲಿ ಕೆಲವು ಮೂಕವಂತೆ, ಚಂದಕ್ಕೆ ಇಟ್ಟದ್ದು. ದನಿ ಬರುವುದು ಹಿಂದೆ ಕತ್ತಲಲ್ಲಿರುವ ಮಂಕು ಕೊಳವೆಗಳಿಂದ. ಅವುಗಳ ಹಿಂದೆ ಇನ್ನೂ ಒಂದು ಕತ್ತಲ ಗೂಡಿನಲ್ಲಿ ತಿದಿ ತುಳಿಯುವ ಆಳುಗಳು ಇರುತ್ತಿದ್ದರಂತೆ. ನಮ್ಮ ಸಮಾರಂಭಗಳ ವೇದಿಕೆಯೂ ಹೀಗೆಯೇ, ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಹೊಳೆಯುವವರ ಬಾಯಿಂದ ಸ್ವರ ಬಂದದ್ದನ್ನು ನಾನಂತೂ ಕೇಳಿಲ್ಲ.

ಕಡೆಗೆ ಬಂತು ಸಂಗೀತಶಾಲೆ. ಅದು ಊಟದ ಮನೆಯೂ ಹೌದಂತೆ. ಕೆಳಗೆ ಉದ್ದದ ಮೇಜು, ಮೇಲೆ ಛಾವಣಿಯ ಹತ್ತಿರ ಒಂದು ಗ್ಯಾಲರಿ, ಅದಕ್ಕೆ ಹೊಟ್ಟೆ ಉಬ್ಬಿದ ಗಿಡ್ಡ ಕಂಬಗಳ ಕಟಾಂಜನ. ರಾಜ ಉಣ್ಣುವಾಗ ಅಲ್ಲಿ ನಿಂತು ಹಾಡಬೇಕು, ಬಾರಿಸಬೇಕು. ಊಟಕ್ಕೆಂದೇ ಬರೆದ ಸಂಗೀತ ಬೇರೆ ಇತ್ತಂತೆ. ಹಾಡುವವರು ಮೇಜಿನ ಹತ್ತಿರ ಬರುವಂತಿಲ್ಲ, ಅವರು ಬರುವುದಕ್ಕೂ ಹೋಗುವುದಕ್ಕೂ ಅಡುಗೆಮನೆಯ ಕಡೆಯಿಂದ ಬೇರೆ ಮೆಟ್ಟಿಲು. ಅಡುಗೆಯವರು, ಕುದುರೆಯವರು ಹಾಕಿಕೊಳ್ಳುವ ಸಮವಸ್ತ್ರದಂಥದ್ದೇ ಅವರಿಗೂ. ಗೈಡ್ ಇದನ್ನು ಬಹಳ ಸೊಗಸಾದ ಪದ್ಧತಿ ಎನ್ನುವ ಹಾಗೆ ವಿವರಿಸಿದಳು. "ಇಲ್ಲಿ ನಿಂತು ಹಾಡಿದವರ ಹೆಸರು ಎಲ್ಲಾದರೂ ಉಂಟಾ?" ಎಂದು ಕೇಳಿದೆ. ಸಂಗೀತ ಬರೆದವರ ಹೆಸರು ಇದೆ ಎಂದಳು. ಹಾಡಿದವರದ್ದು? ಭುಜ ಕುಣಿಸಿದಳು. ನನಗೆ ಮೈಯೆಲ್ಲ ಉರಿಯಿತು. ಬೆಳಗ್ಗೆ ಎದ್ದು ಸಾಧನೆ ಮಾಡಿ, ಗಂಟಲಿಗೆ ಶೀತ ತಾಗದ ಹಾಗೆ ಕಾಪಾಡಿಕೊಂಡು, ಕಡೆಗೆ ಹಾಡಿದ್ದು ಯಾವನೋ ಒಬ್ಬ ಹಂದಿಮಾಂಸ ಅಗಿಯುವ ಸದ್ದಿಗೆ ಶ್ರುತಿಯಾಗಿ. ಥೂ, ಇಂಥ ಅರಮನೆಗಿಂತ ನಮ್ಮೂರಿನ ಭಜನಾ ಮಂದಿರದ ಸಿಮೆಂಟು ಜಗಲಿ ಎಷ್ಟೋ ಮೇಲು.

ನಾನು ಸಿಟ್ಟಾದದ್ದಕ್ಕೆ ಕಾರಣ ಉಂಟು. ನಾನೂ ಹಾಡುವವಳು. ಹಾಡುತ್ತಿದ್ದವಳು ಎನ್ನಬೇಕೇನೋ. ಉಡುಪಿಯಲ್ಲಿ ಕಾಲೇಜಿನಲ್ಲಿದ್ದಾಗಲೇ ಕಛೇರಿ ಮಾಡುತ್ತಿದ್ದೆ, ನಾಲ್ಕು ಜನ ಕರೆಯುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದೆ. ಇಲ್ಲಿ ನಾನು ಮ್ಯೂಸಿಕ್ ಟೀಚರ್. ಈಜು ಮತ್ತು ಅಬಾಕಸ್ ನಡುವೆ ಮುಕ್ಕಾಲು ಗಂಟೆ ಖಾಲಿ ಇರುವ ಮಕ್ಕಳನ್ನು ತಂದು ನನ್ನ ಹಾಲ್‌ನಲ್ಲಿ ಕೂರಿಸುತ್ತಾರೆ. ಒದ್ದೆ ತಲೆಯ ಮಕ್ಕಳು ಸರಳೆ ವರಸೆ ಹಾಡುತ್ತವೆ. "ಆಂಟಿ, ಹೌ ಮೆನಿ ಮೋರ್ ಟೈಮ್ಸ್?" ಎಂದು ಕೇಳುತ್ತವೆ. ಕನ್ನಡದವರ ಕಾರ್ಯಕ್ರಮ ಎಂದರೆ ಮಕ್ಕಳು ವೇದಿಕೆಯ ಮೇಲೆ, ಅಪ್ಪ ಅಮ್ಮ ಮೊಬೈಲು ಎತ್ತಿಕೊಂಡು ಕೆಳಗೆ, ನಾನು ಪರದೆಯ ಬದಿಯಲ್ಲಿ ನಿಂತು ತಾಳ ತೋರಿಸುವುದು. ಕಡೆಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಆ ಶಾಲುಗಳನ್ನೆಲ್ಲ ಹೊಲಿದರೆ ಈ ಕಟ್ಟಡಕ್ಕೇ ಒಂದು ಹೊದಿಕೆ ಮಾಡಿಸಬಹುದು. "ನೀವೊಂದು ಹಾಡಿ" ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ. ಕೇಳಿಕೊಂಡು ಹೋಗಲು ನನಗೆ ಅಹಂಕಾರ. ಆದರೆ ಆಸೆ ಇತ್ತು. ಒಂದೇ ಒಂದು ಸಲ, ನಾಲ್ಕು ಜನರೆದುರು ಕೂತು, ಹಾಡುಗಾತಿಯಾಗಿ ಹಾಡಬೇಕೆಂಬ ಆಸೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಹಾಗಾಗಿ ಜಯಣ್ಣನವರ ಫೋನು ಬಂದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಜಯಣ್ಣನವರು ಎಂದರೆ ಜೆಬೆಲ್ ಅಲಿಯಲ್ಲಿ ಗೋದಾಮು, ಲಾರಿ ಎಲ್ಲ ಇರುವ ನಮ್ಮ ಕಡೆಯ ಸಾಹುಕಾರರು. ಒಳ್ಳೆಯ ಮನುಷ್ಯ, ದನಿ ಮಾತ್ರ ಕಂಟೇನರ್ ಇಳಿಸುವಲ್ಲಿಯೇ ಬಿಟ್ಟು ಬರಲು ಮರೆಯುತ್ತಾರೆ. ಅವರ ಮದುವೆಯ ಬೆಳ್ಳಿಹಬ್ಬ. ಭಾನುವಾರ ಮಧ್ಯಾಹ್ನದ ಊಟ, ಇವರೇ ಮಾಡಿದ ಆ ಹೊಸ ಹೋಟೆಲಿನ ಹಾಲ್‌ನಲ್ಲಿ.

"ಟೀಚರೇ, ಮಕ್ಕಳದ್ದು ಬೇಡ. ಮಕ್ಕಳದ್ದು ಕೇಳಿ ಕೇಳಿ ಸಾಕಾಗಿದೆ. ನೀವೇ ಹಾಡ್ಬೇಕು. ಅರ್ಧ ಗಂಟೆ ನಿಮಗೇ."

"ನಾನು ಈಗ ಹಾಡುದಿಲ್ಲ ಜಯಣ್ಣ, ಅಭ್ಯಾಸ ತಪ್ಪಿದೆ," ಎಂದೆ. ಕರೆದ ಕೂಡಲೇ ಒಪ್ಪಿಕೊಂಡರೆ ಹೇಗೆ?

"ಅದೆಲ್ಲ ಆಗ್ಲಿಕ್ಕಿಲ್ಲ. ನಮ್ಮ ವಾಸಣ್ಣ ಮಾಡಿದ ಗ್ಯಾಲರಿ ಉಂಟಲ್ಲ, ಅಲ್ಲಿ ರಾಣಿಯ ಹಾಗೆ ಕೂತು ಹಾಡಿ. ಖಲಾಸ್."

ಗ್ಯಾಲರಿ ಎಂದಾಗ ಆ ಗೈಡ್ ಹುಡುಗಿಯ ಭುಜ ಕಣ್ಣ ಮುಂದೆ ಬಂದದ್ದು ನಿಜ. ಆದರೆ ಆಸೆ ಎಂಬುದು ಭಾರೀ ವಕೀಲ. ಅದು ರಾಜನ ಕಾಲ, ಇದು ನಮ್ಮ ಜನ. ಅವರು ಅಲ್ಲಿ ಚಾಕರಿಗೆ ನಿಂತವರು, ನೀನು ಕರೆಸಿಕೊಂಡವಳು ಎಂದೆಲ್ಲ ವಾದ ಮಾಡಿ ನನ್ನನ್ನು ಗೆದ್ದುಬಿಟ್ಟಿತು. ಅಬುಧಾಬಿಯ ರಾಘಣ್ಣನಿಗೆ ಫೋನು ಮಾಡಿದೆ. ಅವರು ಅಲ್ಲಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾರೆ, ಮೃದಂಗಕ್ಕೆ ಒಳ್ಳೆಯ ಕೈ. ಹಿಂದಿನಿಂದ ದನಿಗೂಡಿಸಲು ನನ್ನ ಶಿಷ್ಯೆ ಅನಘಾ. ಹತ್ತನೆಯ ಕ್ಲಾಸಿನ ಹುಡುಗಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಆದರೆ ಶ್ರುತಿ ಶುದ್ಧ. ದಿನಾ ಬೆಳಗ್ಗೆ ಸಂಜೆ ಕಿಟಕಿ ಮುಚ್ಚಿ ಕಲ್ಯಾಣಿ ರಾಗದ ಸಾಧನೆ ಮಾಡಿದೆ. ಮಧ್ಯಾಹ್ನಕ್ಕೆ ಸಂಜೆಯ ರಾಗವಾ ಎಂದು ಕೇಳಬೇಡಿ. ದುಬೈಯ ಏಸಿ ಹಾಲ್‌ನೊಳಗೆ ಮಧ್ಯಾಹ್ನ ಯಾವುದು, ಸಂಜೆ ಯಾವುದು ಯಾರಿಗೆ ಗೊತ್ತಾಗುತ್ತದೆ? ಇವರು ಒಂದು ವಾರ ಮನೆಗೆ ಸೀದಾ ಬಂದು, ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಂಡರು. ಚಪಾತಿಯನ್ನೂ ಅವರೇ ಲಟ್ಟಿಸಿದರು.

ಭಾನುವಾರ ಹಾಲ್‌ಗೆ ಕಾಲಿಟ್ಟರೆ ಜರ್ಮನಿಯೇ. ಅಲ್ಲ, ಜರ್ಮನಿಗಿಂತ ಒಂದು ಕೈ ಹೆಚ್ಚು. ಅಲ್ಲಿ ಎಲೆಯಿದ್ದಲ್ಲಿ ಇಲ್ಲಿ ಎರಡು ಎಲೆ, ಅಲ್ಲಿ ಬಿಳಿ ಇದ್ದಲ್ಲಿ ಇಲ್ಲಿ ಚಿನ್ನದ ಬಣ್ಣ. ಕಿಟಕಿಯ ಚೌಕಟ್ಟಿನಲ್ಲಿ ಕಿಟಕಿ ಇಲ್ಲ, ಕನ್ನಡಿ. ನಾಲ್ಕೂ ಮೂಲೆಯಲ್ಲಿ ಮೂಗಿರುವ ದೇವದೂತರು. ಬಂದವರೆಲ್ಲ ಕತ್ತೆತ್ತಿ ಒಮ್ಮೆ ನೋಡಿ, ಕೂಡಲೇ ಕತ್ತು ಇಳಿಸಿ, ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಛಾವಣಿಯ ಮೋಡ ಮಾಡಲು ಎಷ್ಟು ದಿನ ಹಿಡಿಯಿತೆಂದು ಇವರು ಒಬ್ಬರಿಗೆ ಹೇಳಲು ಹೋದರು. ಆತ ಹೌದಾ ಹೌದಾ ಎನ್ನುತ್ತ ಗೋಬಿ ಮಂಚೂರಿಯ ಕಡೆ ನಡೆದ. ನನಗೆ ಇವರನ್ನು ಕಂಡು ಪಾಪ ಅನಿಸಿತು. ಹಿಟ್ಟಿನ ರಾಜ್ಯವನ್ನು ನಾನು ಬೈಯಬಹುದು, ಗೋಬಿ ತಿನ್ನುವವನಿಗೆ ಆ ಹಕ್ಕಿಲ್ಲ.

ಗ್ಯಾಲರಿಗೆ ಹೋಗಲು ದಾರಿ ಅಡುಗೆಮನೆಯ ಕಡೆಯಿಂದಲೇ ಇತ್ತು. ಅಷ್ಟು ನಿಷ್ಠೆಯಿಂದ ನಕಲು ಮಾಡಿದ್ದರು. ಕೋಟು ಹಾಕಿದ್ದ ಹೋಟೆಲಿನ ಮ್ಯಾನೇಜರ್, ನಮ್ಮ ಕಡೆಯವನಲ್ಲ, ಮೇಲೆ ಮೂರು ಕುರ್ಚಿ ಜೋಡಿಸಿಟ್ಟಿದ್ದ. ಚಿನ್ನದ ಕಾಲಿನ, ಕೆಂಪು ಮೆತ್ತೆಯ ಕುರ್ಚಿಗಳು.

"ಕುರ್ಚಿ ತೆಗೀರಿ," ಎಂದು ಹಿಂದಿಯಲ್ಲಿ ಹೇಳಿದೆ.

"ಮ್ಯಾಮ್, ಇಲ್ಲಿ ಎಲ್ಲರೂ ಕುರ್ಚಿಯಲ್ಲೇ..."

"ನಾವು ನೆಲದಲ್ಲಿ ಕೂತು ಹಾಡುವವರು. ಮೃದಂಗವನ್ನು ಕುರ್ಚಿಯಲ್ಲಿ ಕೂತು ಬಾರಿಸ್ಲಿಕ್ಕೆ ಆಗ್ತದಾ?"

ಅವನು ಒಮ್ಮೆ ಕಟಾಂಜನವನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ, ಏನೋ ಹೇಳಹೊರಟ. ನನ್ನ ಮುಖದಲ್ಲಿ ಏನು ಕಂಡನೋ, ಸುಮ್ಮನೆ ಕುರ್ಚಿ ಎತ್ತಿಸಿದ. ಸಂಗೀತಕ್ಕೆ ಕೂರುವುದು ಹೇಗೆಂದು ಇವನು ನನಗೆ ಹೇಳಿಕೊಡುವುದಾ? ಮನೆಯಿಂದ ತಂದ ಜಮಖಾನ ಹಾಸಿದೆ, ಮೇಲೆ ಬಿಳಿ ಬೆಡ್‌ಶೀಟು. ಕಾಂಜೀವರದ ನೆರಿಗೆ ಸರಿಮಾಡಿ ಚಕ್ಕಳಮಕ್ಕಳ ಹಾಕಿ ಕೂತೆ. ಬಲಕ್ಕೆ ರಾಘಣ್ಣ, ಹಿಂದೆ ಅನಘಾ, ನಡುವೆ ಹೋಟೆಲಿನವರ ಮೈಕು, ಮೊಬೈಲಿನ ತಂಬೂರಿ. ಎದುರಿಗೆ ಇವರ ಕಟಾಂಜನ. ಜರ್ಮನಿಯಲ್ಲಿ ಗಿಡ್ಡ ಕಂಬಗಳ ನಡುವೆ ಗೇಣು ಗೇಣು ಜಾಗ ಇತ್ತು. ಇಲ್ಲಿ ಹೋಟೆಲಿನ ಯಜಮಾನ ಸ್ವಲ್ಪ ದಪ್ಪ ಮಾಡಿ, ಘನವಾಗಿ ಕಾಣಲಿ ಎಂದಿದ್ದನಂತೆ. ಬೂದುಗುಂಬಳದ ಗಾತ್ರದ ಹೊಟ್ಟೆಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಸಂದಿನಲ್ಲಿ ನನಗೆ ಕಂಡದ್ದು ಒಂದು ತಟ್ಟೆಯ ಅಂಚು, ಯಾರದ್ದೋ ಬೋಳುತಲೆಯ ಒಂದು ಹೋಳು, ಅರ್ಧ ಸೀರೆ.

"ಆಂಟಿ, ಐ ಥಿಂಕ್ ದೇ ಕಾಂಟ್ ಸೀ ಅಸ್," ಎಂದಳು ಅನಘಾ.

"ಸಂಗೀತ ನೋಡ್ಲಿಕ್ಕೆ ಇರುದಲ್ಲ, ಕೇಳ್ಲಿಕ್ಕೆ," ಎಂದೆ. ಎಂಥ ದೊಡ್ಡ ಮಾತು! ಹೇಳಿ ನನಗೇ ಖುಷಿಯಾಯಿತು.

ಜಯಣ್ಣ ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುತ್ತಿದ್ದರು, ನಿರೂಪಣೆಯ ಹುಡುಗಿ ಇನ್ನೂ ಲಿಪ್‌ಸ್ಟಿಕ್ ಹಚ್ಚುತ್ತಿದ್ದಳು. ಈಗ ಇಂಥವರು ಹಾಡುತ್ತಾರೆ ಎಂದು ಯಾರೂ ಹೇಳಲಿಲ್ಲ. ಮ್ಯಾನೇಜರ್ ಹೆಬ್ಬೆರಳು ತೋರಿಸಿದ. ಶುರುಮಾಡಿದೆ. ಮೊದಲು ಒಂದು ಪುಟ್ಟ ಗಣಪತಿಯ ಸ್ತುತಿ. ಮುಗಿಯಿತು. ಚಪ್ಪಾಳೆ ಇಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ನೀರುದೋಸೆ, ಚಪ್ಪಾಳೆ ತಟ್ಟುವುದು ಯಾವುದರಿಂದ ಎಂದು ಸಮಾಧಾನ ಹೇಳಿಕೊಂಡೆ. ರಾಘಣ್ಣ ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿ ಕಲ್ಯಾಣಿಯ ಆಲಾಪನೆಗೆ ಹೊರಟೆ.

ಈಗ ಜಂಬ ಎಂದರೆ ಜಂಬ, ಹೇಳಿಯೇ ಬಿಡುತ್ತೇನೆ. ಆ ದಿನ ಹಾಡಿದ ಹಾಗೆ ನಾನು ಹಿಂದೆಂದೂ ಹಾಡಿರಲಿಲ್ಲ. ಆ ಹಾಲ್ ಬಗ್ಗೆ ನಾನು ಎಷ್ಟು ಹಗುರವಾಗಿ ಮಾತಾಡಿದರೂ ಅದರ ಛಾವಣಿ ಸ್ವರವನ್ನು ಎತ್ತಿಕೊಂಡ ರೀತಿಯೇ ಬೇರೆ. ಬಿಟ್ಟ ಸ್ವರ ಅಲ್ಲೆಲ್ಲೋ ಮೋಡದ ಹತ್ತಿರ ಹೋಗಿ, ಸ್ವಲ್ಪ ಮಾಗಿ, ತಿರುಗಿ ನನ್ನ ಕಿವಿಗೇ ಬರುತ್ತಿತ್ತು. ಉಬ್ಬು ತಗ್ಗು ಇದ್ದರೆ ದನಿ ಒಡೆಯುವುದಿಲ್ಲವೆಂದು ಆ ಗೈಡ್ ಏನೋ ಹೇಳಿದ್ದಳು. ಆಗ ನಾನು ಚಕ್ಕುಲಿ ಡಬ್ಬಿ ಹುಡುಕುತ್ತಿದ್ದೆ. ಕೀರ್ತನೆ ಎತ್ತಿದೆ. ರಾಘಣ್ಣ ಕೈ ಬಿಚ್ಚಿ ಬಾರಿಸಿದರು. ಸ್ವರ ಹಾಕುವಾಗ ಅನಘಾ ಕೂಡ ಟೈಮು ನೋಡುವುದನ್ನು ಮರೆತಳು. ಎದುರಿಗೆ ಮುಖಗಳಿಲ್ಲದ್ದೇ ಒಳ್ಳೆಯದಾಯಿತೇನೋ, ಉಡುಪಿಯ ಆ ಹುಡುಗಿ ಎಲ್ಲೂ ಹೋಗಿಲ್ಲ, ಒಳಗೇ ಕೂತಿದ್ದಾಳೆ ಎಂದು ಗೊತ್ತಾಯಿತು. ಮಂಗಳ ಹಾಡಿ ಕಣ್ಣು ಬಿಟ್ಟಾಗ ಕೆನ್ನೆ ಒದ್ದೆಯಾಗಿತ್ತು. ಕೆಳಗೆ ಚಮಚ ತಟ್ಟೆಗಳ ಸದ್ದು ಹಾಗೆಯೇ ನಡೆದಿತ್ತು.

ಅಡುಗೆಮನೆಯ ಮೆಟ್ಟಿಲು ಇಳಿದು ಬಂದೆ. ಕಾಲು ನೆಲದ ಮೇಲಿರಲಿಲ್ಲ. ಜನ ಬಂದು ಕೈ ಹಿಡಿದುಕೊಳ್ಳುತ್ತಾರೆ, ನಾನು ಅಯ್ಯೋ ಅಂಥದ್ದೇನಿಲ್ಲ ಎನ್ನಬೇಕು, ಯಾವ ದನಿಯಲ್ಲಿ ಎನ್ನಬೇಕು ಎಂಬುದನ್ನೂ ಯೋಚಿಸಿಕೊಂಡಿದ್ದೆ. ಬಾಗಿಲಲ್ಲೇ ಜಯಣ್ಣನ ಹೆಂಡತಿ ವಿನೋದಕ್ಕ ಸಿಕ್ಕಿದರು, ಮೈತುಂಬ ಚಿನ್ನ.

"ಓ ಟೀಚರೇ, ಬಂದ್ರಾ! ಊಟ ಮಾಡಿ ಮೊದಲು. ನಿಮ್ಮ ಹಾಡು ಕೇಕ್ ಆದ ಮೇಲೆ ಅಲ್ವಾ?"

ನಾನು ಕತ್ತೆತ್ತಿ ಗ್ಯಾಲರಿಯನ್ನು ನೋಡಿದೆ. ರಾಘಣ್ಣ ಇನ್ನೂ ಅಲ್ಲೇ ಕೂತು ಮೃದಂಗಕ್ಕೆ ಚೀಲ ಹಾಕುತ್ತಿರಬೇಕು. ಒಂದು ಕೂದಲೂ ಕಾಣುವುದಿಲ್ಲ. ಚಿನ್ನದ ಬಣ್ಣದ ಬೂದುಗುಂಬಳದ ಸಾಲು, ಅದರ ಮೇಲೆ ಮೋಡ. ನಾನು ಕುರ್ಚಿ ಎತ್ತಿಸಿದಾಗ ಆ ಮ್ಯಾನೇಜರ್ ಏನು ಹೇಳಹೊರಟಿದ್ದ ಎಂಬುದು ಈಗ ಅರ್ಥವಾಯಿತು. ಅರ್ಧ ಗಂಟೆ ನಾನು ಇವರೆಲ್ಲರ ಪಾಲಿಗೆ ಸ್ಪೀಕರಿನಿಂದ ಬರುವ ಒಂದು ರೆಕಾರ್ಡು. ಆ ರಾಜನ ಹಾಡುಗಾರರ ಜುಟ್ಟಾದರೂ ಮೇಜಿನವರಿಗೆ ಕಾಣುತ್ತಿತ್ತು.

ಇವರು ಜನರನ್ನು ಸರಿಸಿಕೊಂಡು ಬಂದರು. ಇವರ ಮುಖ ನೋಡಿದರೇ ಗೊತ್ತಾಯಿತು, ಕೆಳಗೆ ಕೂತು ಎಲ್ಲ ಕೇಳಿಸಿಕೊಂಡಿದ್ದಾರೆ, ಹಾಡನ್ನೂ, ಹಾಡಿನ ಮೇಲೆ ಜನ ಆಡಿದ್ದನ್ನೂ. "ನಾನು ಹೇಳಿದೆ ಮಾರಾಯ್ತಿ," ಎಂದರು. "ನಾಲ್ಕು ಜನಕ್ಕೆ ಹೇಳಿದೆ, ಅದು ನನ್ನ ಹೆಂಡತಿ ಅಂತ. ತಮಾಷೆ ಮಾಡ್ತಾನೆ ಅಂದ್ಕೊಂಡ್ರು."

ನನಗೆ ಸಿಟ್ಟು ಬರಲಿಲ್ಲ. ಕುಟುಕಲು ಒಂದು ಮಾತೂ ಹೊಳೆಯಲಿಲ್ಲ. ಮನೆಗೆ ಹೋಗುವಾ ಎಂದೆ. ಹೊರಡುವ ಮೊದಲು ಹಿರಿಯರಿಗೆ ಹೇಳಿ ಹೋಗಬೇಕಲ್ಲ. ಗೋಡೆಯ ಬದಿಯಲ್ಲಿ ವಿನೋದಕ್ಕನ ತಾಯಿ ಕೂತಿದ್ದರು. ವಿಸಿಟ್ ವೀಸಾದಲ್ಲಿ ಊರಿನಿಂದ ಬಂದವರು, ನನ್ನನ್ನು ಮೊದಲು ನೋಡಿದವರಲ್ಲ. ತಟ್ಟೆಯಲ್ಲಿ ಪಾಯಸ ಹಾಗೆಯೇ ಇತ್ತು, ಕೈ ಮುಟ್ಟಿರಲಿಲ್ಲ. ಬಗ್ಗಿ ನಮಸ್ಕಾರ ಮಾಡಿದೆ.

"ನೀವು ಸಂಗೀತದವರಂತೆ, ಮಗಳು ಹೇಳಿದ್ಲು," ಎಂದರು. "ಹಾಗಾದ್ರೆ ನಿಮಗೆ ಗೊತ್ತಿರ್ಬಹುದು. ಈಗ ಒಂದು ರೆಕಾರ್ಡ್ ಹಾಕಿದ್ರಲ್ಲ, ಕಲ್ಯಾಣಿ, ಅದು ಯಾರದ್ದು?"

ಇವರು ಬಾಯಿ ತೆರೆದರು. ನಾನು ಇವರ ಕೈ ಹಿಡಿದು ತಡೆದೆ.

"ಹಳೆಯವರದ್ದೇ ಇರ್ಬೇಕು," ಎಂದು ಅವರೇ ಮುಂದುವರಿಸಿದರು. "ಈಗಿನವರು ಹಾಗೆ ಹಾಡುದಿಲ್ಲ, ಓಡ್ತಾರೆ. ನಾನು ಊಟವನ್ನೇ ಬಿಟ್ಟೆ. ಪಾಪ, ಆ ಹೆಂಗಸು ಈಗ ಎಲ್ಲಿ ಇರ್ತಾರೆ, ಹೋಗಿಯೇ ಆಗಿರ್ತದೆ."

ಸುತ್ತ ಜನ, ಆಚೆ ಕೇಕಿಗೆ ದೀಪ ಹಚ್ಚುವ ಗಡಿಬಿಡಿ. ನಾನು ಅವರ ಕುರ್ಚಿಯ ಬುಡದಲ್ಲಿ ಕಾರ್ಪೆಟ್ಟಿನ ಮೇಲೆ ಕೂತುಬಿಟ್ಟೆ. ಕಾಂಜೀವರ ಹಾಳಾದರೆ ಆಗಲಿ. ಮೈಕಿಲ್ಲ, ತಂಬೂರಿಯಿಲ್ಲ. ಅವರಿಗಷ್ಟೇ ಕೇಳುವ ಹಾಗೆ ಪಲ್ಲವಿಯನ್ನು ಎತ್ತಿದೆ. ಅವರ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕಲು ಶುರುಮಾಡಿತು. ಎರಡನೆಯ ಸಲ ಅದೇ ಸಾಲಿಗೆ ಬರುವಷ್ಟರಲ್ಲಿ ಬೆರಳು ನಿಂತಿತು. ಅವರು ಬಗ್ಗಿ, ನನ್ನ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿದರು.

"ಅಯ್ಯೋ ಮಗಾ, ನೀನು ಬದುಕಿದ್ದೀಯಾ," ಎಂದರು.

"ಬದುಕಿದ್ದೇನಮ್ಮ," ಎಂದೆ. ಅಳು ಬಂತು, ತಡೆದುಕೊಳ್ಳಲಿಲ್ಲ. "ಮೇಲೆ ಕೂತು ಹಾಡಿದೆ."

"ಬದುಕಿದವರು ಅಷ್ಟು ಮೇಲೆ ಎಂತಕ್ಕೆ ಕೂರುದು?" ಎಂದು ಗದರಿ, ಅವರು ಪಾಯಸದ ತಟ್ಟೆಯನ್ನು ಇವರ ಕೈಗೆ ಕೊಟ್ಟು ಸೆರಗಿನಿಂದ ನನ್ನ ಕಣ್ಣು ಒರೆಸಿದರು. "ಇಲ್ಲೇ ಕೂತು ಹಾಡು. ಮೊದಲಿಂದ."